ಸ್ಪೇಸರ್ ಹಾಕಿಸುವವರೇ, ಮೊದಲು ನಡುವಿನ ತೂತು ಅಳೆಯಿರಿ

ನಮ್ಮ ಸಕಲೇಶಪುರ, ಮೂಡಿಗೆರೆ ಕಡೆ ಈಗ ಇಬ್ಬರು ಪಿಕಪ್ ಮಾಲೀಕರು ಸಿಕ್ಕರೆ ಮಳೆ, ಕಾಫಿ ರೇಟು ಆದ ಮೇಲೆ ಮೂರನೇ ಮಾತು ವ್ಹೀಲ್ ಸ್ಪೇಸರಿನದು, ಅಂದರೆ ಚಕ್ರವನ್ನು ಹೊರಗೆ ತಳ್ಳಲು ಹಬ್ಬಿಗೂ (ಚಕ್ರ ಕೂರುವ ತಿರುಗುವ ಭಾಗ) ಚಕ್ರಕ್ಕೂ ನಡುವೆ ಇಡುವ ಲೋಹದ ತುಂಡಿನದು. "ನೀವು ಎಷ್ಟು ಎಂಎಂ ಹಾಕ್ಸಿದ್ರಿ? ಇಪ್ಪತ್ತೈದಾ, ಮೂವತ್ತಾ?" ನನ್ನ ತಕರಾರು ಇರುವುದೇ ಈ ಪ್ರಶ್ನೆಯ ಮೇಲೆ. ದಪ್ಪ ಎಷ್ಟು ಅನ್ನುವುದು ಕೊನೆಗೆ ಕೇಳಬೇಕಾದದ್ದು. ಮೊದಲು ನೋಡಬೇಕಾದದ್ದು ಸ್ಪೇಸರಿನ ನಡುವೆ ಇರುವ ದೊಡ್ಡ ತೂತಿನ ಅಳತೆ.

ಇಸುಝು ವಿ-ಕ್ರಾಸ್ ತಗೊಳ್ಳಿ, ಟೊಯೊಟಾ ಹೈಲಕ್ಸ್ ತಗೊಳ್ಳಿ. ಎರಡಕ್ಕೂ ಆರು ಸ್ಟಡ್ (ಚಕ್ರದ ನಟ್ ಏರುವ ಬೋಲ್ಟ್), ಎರಡರ ಪಿಸಿಡಿಯೂ (ಸ್ಟಡ್ಡುಗಳ ನಡು ಹಾದುಹೋಗುವ ವೃತ್ತದ ವ್ಯಾಸ) 139.7 ಮಿ.ಮೀ., ಸ್ಟಡ್ಡಿನ ದಪ್ಪ ಮತ್ತು ಥ್ರೆಡ್ ಕೂಡ ಒಂದೇ. ಹಾಗಾಗಿ ಅಂಗಡಿಯವನು ಒಂದೇ ಡಬ್ಬಿ ತೋರಿಸಿ "ಎರಡಕ್ಕೂ ಆಗುತ್ತೆ ಸಾರ್" ಅಂತಾನೆ. ಆದರೆ ಹೈಲಕ್ಸ್ ಚಕ್ರದ ನಡುವಿನ ತೂತು 106.1 ಮಿ.ಮೀ., ವಿ-ಕ್ರಾಸಿನದು 100ರ ಆಸುಪಾಸು. ಹೈಲಕ್ಸಿನ ಸ್ಪೇಸರನ್ನು ವಿ-ಕ್ರಾಸಿಗೆ ಏರಿಸಿದರೆ ಹಬ್ಬಿನ ಸುತ್ತ ಸುಮಾರು ಮೂರು ಮಿ.ಮೀ. ಸಂದು ಉಳಿಯುತ್ತದೆ. ಹೊರಗಿನಿಂದ ನೋಡಿದವರಿಗೆ ಏನೂ ಗೊತ್ತಾಗುವುದಿಲ್ಲ. ಹೈವೇಯಲ್ಲಿ ವೇಗ ಎಂಬತ್ತು ದಾಟಿದ ಮೇಲೆ ಸ್ಟೇರಿಂಗ್ ನಡುಗತೊಡಗುತ್ತದೆ. ಆಮೇಲೆ ಅಲೈನ್‌ಮೆಂಟ್, ಬ್ಯಾಲೆನ್ಸಿಂಗ್, ಟೈರ್ ಅದಲುಬದಲು ಎಂದು ದುಡ್ಡು ಸುರಿಯುವುದೊಂದೇ ಬಾಕಿ.

ಇಲ್ಲಿ ತಿಳಿದವರು ಒಂದು ಮಾತು ಎತ್ತುತ್ತಾರೆ: ಚಕ್ರದ ಭಾರ ಹೊರುವುದು ಹಬ್ಬಿನ ನಡುವೆ ಚಾಚಿಕೊಂಡು ಚಕ್ರದ ತೂತಿನೊಳಗೆ ಕೂರುವ ತುಟಿಯಲ್ಲ, ನಟ್ ಬಿಗಿದಾಗ ಎರಡು ಮುಖಗಳ ನಡುವೆ ಹುಟ್ಟುವ ಹಿಡಿತ. ನಿಜ, ಒಪ್ಪಿದೆ. ಆದರೆ ಆ ಹಿಡಿತ ಸರಿಯಾದ ಜಾಗದಲ್ಲಿ ಹುಟ್ಟಬೇಕಾದರೆ ಬಿಗಿಯುವ ಹೊತ್ತಿಗೆ ಚಕ್ರ ನಡುಮಧ್ಯದಲ್ಲೇ ಕೂತಿರಬೇಕು. ನಾಳೆ ಒಂದು ನಟ್ ಸಡಿಲಾದರೆ ಚಕ್ರ ಜರುಗದ ಹಾಗೆ ತಡೆಯುವುದೂ ಆ ತುಟಿಯೇ. ಆದ್ದರಿಂದ ಸ್ಪೇಸರಿನ ಒಳತೂತು ಹಬ್ಬಿಗೆ ಕಚ್ಚಿ ಕೂರಬೇಕು, ಸ್ಪೇಸರಿನ ಹೊರಗೂ ಅಂಥದ್ದೇ ತುಟಿ ಇದ್ದು ಅದು ಚಕ್ರದ ತೂತಿಗೆ ಕಚ್ಚಬೇಕು. ಪೇಟೆಯಲ್ಲಿ ಇದಕ್ಕೆ ಹಬ್‌ಸೆಂಟ್ರಿಕ್ ಅಂತಾರೆ. ಡಬ್ಬಿಯ ಮೇಲೆ ಹಾಗೆ ಬರೆದಿದ್ದರೆ ಸಾಲದು, ವರ್ನಿಯರ್ ಹಿಡಿದು ಅಳೆಯಿರಿ.

ಎರಡನೆಯದು, ಯಾವ ಬಗೆ. ಸ್ಟಡ್ಡಿಗೆ ಸುಮ್ಮನೆ ತೂರಿಸುವ ಬಿಲ್ಲೆ ಒಂದು ಬಗೆ. ಹಬ್ಬಿಗೆ ಬಿಗಿದು, ತನ್ನದೇ ಸ್ಟಡ್ಡುಗಳ ಮೇಲೆ ಚಕ್ರ ಹೊರುವುದು ಇನ್ನೊಂದು. ಬಿಲ್ಲೆ ದಪ್ಪವಾದಷ್ಟೂ ನಟ್ಟಿಗೆ ಸಿಗುವ ಥ್ರೆಡ್ ಕಡಿಮೆ. 12 ಮಿ.ಮೀ. ಸ್ಟಡ್ಡಿನಲ್ಲಿ ನಟ್ ಕಡಿಮೆಯೆಂದರೂ 12 ಮಿ.ಮೀ. ಕಚ್ಚಬೇಕು, 1.5 ಮಿ.ಮೀ. ಥ್ರೆಡ್ಡಿಗೆ ಲೆಕ್ಕ ಹಾಕಿದರೆ ಪೂರ್ತಿ ಎಂಟು ಸುತ್ತು. ಬಿಲ್ಲೆ ಹಾಕಿದ ಮೇಲೆ ಕೈಯಲ್ಲೇ ತಿರುಗಿಸಿ ಎಣಿಸಿ. ಐದಕ್ಕೇ ನಿಂತರೆ ಅದನ್ನು ಬಿಚ್ಚಿ ಕಾಗದದ ಮೇಲಿಡಲು ಬಳಸಿ. ಲೋಡ್ ಹೊರುವ ಗಾಡಿಗೆ ಎರಡನೇ ಬಗೆಯೇ ಸರಿ, ಅದೂ 6061-ಟಿ6 ಅಥವಾ 7075-ಟಿ6 ಎಂಬ ಗಟ್ಟಿ ದರ್ಜೆಯ ಅಲ್ಯೂಮಿನಿಯಂನದ್ದು. ಪಕ್ಕದ ಲೇತಿನಲ್ಲಿ ಯಾವುದೋ ಗುಜರಿ ತುಂಡು ಕಡೆಸಿ "ಇದೂ ಅದೇ ಕಣ್ರೀ" ಅನ್ನುವವರ ಧೈರ್ಯಕ್ಕೆ ಕೈ ಮುಗಿಯುತ್ತೇನೆ.

ಈಗ ದಪ್ಪದ ಮಾತು. ಚಕ್ರದಲ್ಲಿ ಹಬ್ಬಿಗೆ ತಾಗುವ ಮುಖ ರಿಮ್ಮಿನ ನಡುಗೆರೆಯಿಂದ ಎಷ್ಟು ಮಿ.ಮೀ. ಹೊರಗಿದೆ ಅನ್ನುವುದೇ ಆಫ್‌ಸೆಟ್. +30 ಆಫ್‌ಸೆಟ್ ಇರುವ ಚಕ್ರಕ್ಕೆ 30 ಮಿ.ಮೀ. ಸ್ಪೇಸರ್ ಹಾಕಿದರೆ ಆಫ್‌ಸೆಟ್ ಸೊನ್ನೆಗೆ ಬಂತು, ಗಾಡಿ ಎರಡೂ ಬದಿ ಸೇರಿ 60 ಮಿ.ಮೀ. ಅಗಲವಾಯಿತು. ನಿಲುವು ಚೆನ್ನಾಗಿ ಕಾಣುತ್ತದೆ, ಸುಳ್ಳು ಹೇಳಲಾರೆ. ತಿರುವಿನಲ್ಲಿ ಸ್ವಲ್ಪ ಗಟ್ಟಿ ನಿಂತ ಹಾಗೂ ಅನಿಸುತ್ತದೆ. ಆದರೆ ತುಂಬಿದ ಕೊಡವನ್ನು ಸೊಂಟದಲ್ಲಿಟ್ಟು ನಡೆಯುವುದಕ್ಕೂ ಕೈ ಚಾಚಿ ಹಿಡಿದು ನಡೆಯುವುದಕ್ಕೂ ಇರುವ ವ್ಯತ್ಯಾಸವನ್ನು ಬೇರಿಂಗ್ ಅನುಭವಿಸುತ್ತದೆ. ವಿ-ಕ್ರಾಸ್, ಹೈಲಕ್ಸ್‌ಗಳ ಹಿಂದಿನ ಆಕ್ಸಲ್ ಸೆಮಿ ಫ್ಲೋಟಿಂಗ್. ಅಂದರೆ ಅಲ್ಲಿ ಶಾಫ್ಟ್ ಚಕ್ರ ತಿರುಗಿಸುವುದಷ್ಟೇ ಅಲ್ಲ, ಗಾಡಿಯ ಭಾರವನ್ನೂ ಹೊರುತ್ತದೆ. ಹಿಂದೆ ಗೊಬ್ಬರದ ಚೀಲ ತುಂಬಿ, ಚಕ್ರವನ್ನೂ ಹೊರಗೆ ತಳ್ಳಿ, ತೋಟದ ಗುಂಡಿ ರಸ್ತೆಯಲ್ಲಿ ಓಡಿಸಿದರೆ ಆ ಶಾಫ್ಟಿನ ಗತಿ ಏನು? ಮುಂದಿನ ಚಕ್ರದ ಕಥೆ ಬೇರೆ. ಟೈರಿನ ನಡು ಸ್ಟೇರಿಂಗ್ ತಿರುಗುವ ಅಕ್ಷದಿಂದ ದೂರ ಸರಿಯುವುದರಿಂದ ಒಂದು ಚಕ್ರ ಕಲ್ಲಿಗೆ ಬಡಿದರೂ ಸ್ಟೇರಿಂಗ್ ಕೈ ಎಳೆಯುತ್ತದೆ. ಮಳೆಗಾಲದಲ್ಲಿ ಮಡ್‌ಗಾರ್ಡ್ ದಾಟಿದ ಟೈರು ಕೆಸರನ್ನು ನೇರ ಬಾಗಿಲಿಗೇ ಎರಚುತ್ತದೆ, ಅದಂತೂ ದಿನನಿತ್ಯದ ಬಹುಮಾನ.

ಹಾಗಾದರೆ ಯಾಕೆ ಹಾಕಬೇಕು? ನನಗೆ ಒಪ್ಪಿಗೆಯಾಗುವ ಕಾರಣ ಒಂದೇ: ಅಗಲದ ಟೈರು ಹಾಕಿಸಿ, ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಅದು ಒಳಗೆ ಸಸ್ಪೆನ್ಶನ್ನಿನ ಮೇಲಿನ ಆರ್ಮ್‌ಗೆ (ತೋಳಿಗೆ) ಉಜ್ಜುತ್ತಿದ್ದರೆ. ಆಗಲೂ ಉಜ್ಜುವುದು ತಪ್ಪುವಷ್ಟೇ ಸಾಕು. ಕಡಿಮೆ ಆಫ್‌ಸೆಟ್ಟಿನ ಅಲಾಯ್ ಕೊಳ್ಳುವ ಶಕ್ತಿ ಇದ್ದವರು ಅದನ್ನೇ ಕೊಳ್ಳಿ. ಬೇರಿಂಗಿಗೆ ಅದರಿಂದಲೂ ಅಷ್ಟೇ ಕಷ್ಟ, ಆದರೆ ಬಿಗಿಯಬೇಕಾದ ಮುಖಗಳ ಸಂಖ್ಯೆ ಅರ್ಧವಾಗುತ್ತದೆ.

ಹಾಕುವ ಕೆಲಸದಲ್ಲಿ ಎಲ್ಲರೂ ಹಾರಿಸುವ ಹಂತಗಳು ಎರಡು. ಒಂದು, ಹಬ್ಬಿನ ಮುಖ ಉಜ್ಜುವುದು. ನಮ್ಮ ಮಳೆಗೆ ಅಲ್ಲಿ ತುಕ್ಕು ಪದರ ಕಟ್ಟಿರುತ್ತದೆ. ಅದರ ಮೇಲೇ ಬಿಗಿದರೆ ನಾಲ್ಕು ದಿನಕ್ಕೆ ತುಕ್ಕು ಪುಡಿಯಾಗಿ ನಟ್ ಸಡಿಲ. ತಂತಿ ಬ್ರಷ್ಷಿನಿಂದ ಲೋಹ ಕಾಣುವವರೆಗೆ ಉಜ್ಜಿ, ಡ್ರಮ್ಮಿನ ಸ್ಟಡ್ಡುಗಳಿಗೆ ತೆಳು ಕ್ಲಿಪ್ ಇದ್ದರೆ ತೆಗೆಯಿರಿ, ಸ್ಪೇಸರ್ ಸಂದಿಲ್ಲದೆ ಕೂತಿತೇ ನೋಡಿ. ಇನ್ನೊಂದು, ನಟ್ ಎಷ್ಟು ಬಿಗಿಯಾಯಿತೆಂದು ಅಳೆದು ತೋರಿಸುವ ಟಾರ್ಕ್ ರೆಂಚ್. ಏರ್ ಗನ್ನಿನಲ್ಲಿ "ಟರ್ರ್" ಎನಿಸಿ ಮುಗಿಸುವವರ ಕೈಗೆ ಗಾಡಿ ಕೊಡಬೇಡಿ. ಒಬ್ಬರನ್ನು ಬ್ರೇಕ್ ತುಳಿಯಲು ಕೂರಿಸಿ, ಎದುರುಬದುರಿನ ನಟ್ ಹಿಡಿದು, ಸ್ಪೇಸರಿನ ಜೊತೆ ಬಂದ ಚೀಟಿಯ ಅಳತೆಗೆ ಬಿಗಿಯಿರಿ. ಸುಮಾರು ನೂರು ಕಿ.ಮೀ. ಓಡಿದ ಮೇಲೆ ಮತ್ತೆ ಚಕ್ರ ಬಿಚ್ಚಿ ಒಳಗಿನ ನಟ್ ನೋಡಬೇಕು. ಹೊರಗಿನದ್ದನ್ನಷ್ಟೇ ನೋಡಿ "ಟೈಟಿದೆ" ಅಂದರೆ ಏನೂ ನೋಡಿದ ಹಾಗಲ್ಲ.

ಕಾನೂನಿನ ಕಡೆಯೂ ಕಣ್ಣಿರಲಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಅನುಮತಿ ಇಲ್ಲದ ಪ್ರತಿ ಬದಲಾವಣೆಗೆ 5000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಬಂತು. ಪೊಲೀಸರು ಹಿಡಿಯಲಾರರು ಎನ್ನುವವರು ಅಪಘಾತವಾದ ಮೇಲೆ ಬರುವ ಇನ್ಶೂರೆನ್ಸ್ ಸರ್ವೇಯರನ್ನು ಮರೆತಿರುತ್ತಾರೆ.

ಇಷ್ಟೆಲ್ಲ ಆದ ಮೇಲೂ ಹಾಕಿಸಿದಿರಿ ಅಂತಿಟ್ಟುಕೊಳ್ಳೋಣ. ಸ್ಟೆಪ್ನಿಯನ್ನೂ ಒಮ್ಮೆ ಏರಿಸಿ ನೋಡಿ. ಎಷ್ಟೋ ಗಾಡಿಗಳಲ್ಲಿ ಅದು ಸ್ಟೀಲ್ ರಿಮ್. 25 ಮಿ.ಮೀ. ಸ್ಪೇಸರಿನಿಂದ ಗಾಡಿಯ ಮೂಲ ಸ್ಟಡ್ಡಿನ ತುದಿ ಚೂರು ಹೊರಗೆ ಇಣುಕುತ್ತಿದ್ದರೆ ಅಲಾಯ್ ಹಿಂಬದಿಯ ಕುಳಿಗಳು ಅದನ್ನು ನುಂಗಿಕೊಳ್ಳುತ್ತವೆ, ಸ್ಟೀಲ್ ರಿಮ್ಮಿಗೆ ಆ ಕುಳಿಗಳಿಲ್ಲ. ಅದು ಸಮನಾಗಿ ಕೂರುವುದೇ ಇಲ್ಲ. ಶಿರಾಡಿ ಘಾಟಿಯಲ್ಲಿ ಪಂಕ್ಚರ್ ಆಗುವ ಮೊದಲು ಮನೆಯಂಗಳದಲ್ಲೇ ಇದನ್ನು ಪರೀಕ್ಷೆ ಮಾಡಿ. ಕೂರದಿದ್ದರೆ ಸ್ಪೇಸರ್ ಬಿಚ್ಚುವ ಸಾಕೆಟ್ಟು ಸೀಟಿನಡಿಯೇ ಇರಲಿ.