ಲೇಗೋಸ್‌ನಲ್ಲಿ ಜೆನರೇಟರ್ ಸ್ಟ್ಯಾಂಡ್‌ಬೈ ಅಲ್ಲ

ಪೀಣ್ಯದಲ್ಲಿ ಕೆಲಸ ಮಾಡುವಾಗ ನಮ್ಮ ಕಾರ್ಖಾನೆಯ ಜೆನರೇಟರಿಗೆ ವರ್ಷಕ್ಕೊಂದು ಸಲ ಆಯಿಲ್ ಬದಲಿಸುತ್ತಿದ್ದೆವು. ಸಾಮಾನ್ಯವಾಗಿ 250 ಗಂಟೆಗೊಮ್ಮೆ ಸರ್ವಿಸ್ ಮಾಡಬೇಕು. ಅಲ್ಲಿ ಅಷ್ಟು ಓಡುವುದಕ್ಕೇ ವರ್ಷ ಹಿಡಿಯುತ್ತಿತ್ತು. ಇಲ್ಲಿ ನೈಜೀರಿಯಾದ ಲೇಗೋಸ್‌ನ ಇಕೆಜಾದಲ್ಲಿ, ಪ್ಲಾಸ್ಟಿಕ್ ಬಕೆಟ್ ಮಾಡುವ ನಮ್ಮ ಕಾರ್ಖಾನೆಯಲ್ಲಿ, ದಿನಕ್ಕೆ 12 ಗಂಟೆ ಓಡಿಸುತ್ತೇವೆ. ಮೂರು ವಾರಕ್ಕೆ 250 ತುಂಬಿಬಿಡುತ್ತದೆ. ಆಯಿಲ್, ಫಿಲ್ಟರ್, ಮೆಕ್ಯಾನಿಕ್. ಒಂದು ಕೆಟ್ಟರೆ ಇರಲಿ ಅಂತ ಇನ್ನೊಂದು ಜೆನರೇಟರ್. ಆ ದುಡ್ಡಲ್ಲಿ ಒಂದು ಹೊಸ ಮೋಲ್ಡಿಂಗ್ ಮೆಷಿನ್ ಬರುತ್ತಿತ್ತು.

ನೈಜೀರಿಯಾದಲ್ಲಿ 20 ಕೋಟಿಗೂ ಜಾಸ್ತಿ ಜನ. ಗ್ರಿಡ್ಡಿನಲ್ಲಿ ಸಿಗುವುದು 4,000ದಿಂದ 5,000 ಮೆಗಾವಾಟ್. ನಮ್ಮ ಕರ್ನಾಟಕವೊಂದರ ಬೇಡಿಕೆಯೇ 2024ರ ಬೇಸಿಗೆಯಲ್ಲಿ 17,000 ದಾಟಿತ್ತು. ಅದೇ ವರ್ಷ ಅಕ್ಟೋಬರಿನಲ್ಲಿ ಇಲ್ಲಿನ ಗ್ರಿಡ್ ಒಂದೇ ವಾರದಲ್ಲಿ ಮೂರು ಸಲ ಕುಸಿಯಿತು.

ಲೀಟರ್ ಡೀಸೆಲ್ಲಿಗೆ ಮೂರರಿಂದ ಮೂರೂವರೆ ಯೂನಿಟ್ ಬರುತ್ತದೆ. 2024ರಲ್ಲಿ ಲೀಟರಿಗೆ ಸಾವಿರ ನೈರಾ (ಇಲ್ಲಿನ ಹಣ) ದಾಟಿತ್ತು. ಅಂದರೆ ಯೂನಿಟ್ಟಿಗೆ ಸುಮಾರು 300 ನೈರಾ ಬರೀ ಡೀಸೆಲ್ಲಿಗೆ. ಅದೇ ವರ್ಷ ಏಪ್ರಿಲ್‌ನಲ್ಲಿ, ದಿನಕ್ಕೆ 20 ಗಂಟೆ ಕರೆಂಟ್ ಕೊಡುತ್ತೇವೆ ಅಂದ ಲೈನುಗಳ ದರ 68 ನೈರಾದಿಂದ 225ಕ್ಕೆ ಏರಿತು. ಎಲ್ಲರೂ ಬೈದರು. ನನಗೆ ಮಾತ್ರ 225 ದುಬಾರಿ ಅನಿಸಲಿಲ್ಲ. ಹೇಳಿದ 20 ಗಂಟೆ ನಿಜವಾಗಿ ಕೊಟ್ಟರೆ ಖುಷಿಯಿಂದ ಕಟ್ಟುತ್ತೇನೆ.

ಬಿಲ್ಲಿನಲ್ಲಿ ಕಾಣದ ನಷ್ಟ ಬೇರೆ ಇದೆ. ಕರೆಂಟ್ ಹೋದ ಕ್ಷಣ ಅಚ್ಚಿನೊಳಗೆ ಅರ್ಧ ತುಂಬಿದ ಬಕೆಟ್ ಹಾಳು. ಜೆನರೇಟರ್ ಹತ್ತಿಕೊಂಡ ಮೇಲೂ ಮೊದಲ ಹತ್ತಿಪ್ಪತ್ತು ಬಕೆಟ್ ಸರಿ ಬರುವುದಿಲ್ಲ, ಪುಡಿ ಮಾಡಬೇಕು. ತಡವಾದರೆ ಬ್ಯಾರಲ್ಲಿನಲ್ಲಿ, ಅಂದರೆ ಪ್ಲಾಸ್ಟಿಕ್ ಕರಗಿಸುವ ಮೆಷಿನ್ನಿನ ಕೊಳವೆಯಲ್ಲಿ, ಪ್ಲಾಸ್ಟಿಕ್ ಗಟ್ಟಿಯಾಗುತ್ತದೆ. ಮತ್ತೆ ಬಿಸಿ ಮಾಡಿ, ಒಳಗಿನದನ್ನೆಲ್ಲ ಹೊರಗೆ ತಳ್ಳಿ ಶುರು ಮಾಡಬೇಕು. ದಿನಕ್ಕೆ ಐದು ಸಲ ಹೀಗಾದರೆ ಒಂದು ಪಾಳಿಯೇ ಹೋಯಿತು ಅಂತ ಲೆಕ್ಕ.

'ನಿಮ್ಮ ಕರೆಂಟ್ ನೀವೇ ಮಾಡಿಕೊಳ್ಳಿ' ಅಂತ ಸುಲಭವಾಗಿ ಹೇಳುತ್ತಾರೆ. ಇಲ್ಲಿನ ದೈತ್ಯ ತೈಲ ಸಂಸ್ಕರಣಾಗಾರ ಡಾಂಗೋಟೆ ರಿಫೈನರಿ ತನಗೇ 435 ಮೆಗಾವಾಟ್ ಸ್ಥಾವರ ಕಟ್ಟಿಕೊಂಡಿದೆ. ಅವರಿಗೆ ಆಗುತ್ತದೆ. ನಮ್ಮ ಬೀದಿಯ ಚಪ್ಪಲಿ ಅಟ್ಟೆ ಮಾಡುವವನಿಗೆ ಆಗುತ್ತದಾ? ಸರಿಯಾಗಿ ದುಡ್ಡು ಕಟ್ಟುವ ದೊಡ್ಡ ಗಿರಾಕಿ ಗ್ರಿಡ್ ಬಿಟ್ಟರೆ ತಂತಿ, ಟ್ರಾನ್ಸ್‌ಫಾರ್ಮರ್ ರಿಪೇರಿಗೆ ದುಡ್ಡು ಎಲ್ಲಿಂದ ಬರಬೇಕು? ಕರ್ನಾಟಕದಲ್ಲಿ ಕೈಗಾರಿಕೆ ಕಟ್ಟುವ ಜಾಸ್ತಿ ದರದಿಂದಲೇ ಮನೆಗಳಿಗೂ ಪಂಪ್‌ಸೆಟ್ಟಿಗೂ ಒಂದಿಷ್ಟು ಆಸರೆ ಸಿಗುತ್ತದೆ. ಅಲ್ಲಿದ್ದಾಗ ನಾನೂ ಆ ದರಕ್ಕೆ ಗೊಣಗಿದ್ದೆ. ಎಲ್ಲರೂ ಒಂದೇ ತಂತಿಯಲ್ಲಿರುವುದರ ಬೆಲೆ ನನಗೆ ಗೊತ್ತಾಗಿದ್ದು ಇಲ್ಲಿಗೆ ಬಂದ ಮೇಲೆ. ಇಲ್ಲಿ ಅಂಗಡಿ ಮುಂದಿಡುವ ಪುಟ್ಟ ಜೆನರೇಟರಿಗೆ ಜನ ಇಟ್ಟಿರುವ ಹೆಸರಿನ ಅರ್ಥ 'ಪಕ್ಕದ ಮನೆಯವನಿಗಿಂತ ನಾನೇ ವಾಸಿ'. ಆ ಹೆಸರು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಸಂಜೆ ಕರೆಂಟ್ ಬಂದರೆ ಬೀದಿ ಮಕ್ಕಳು 'ಅಪ್ ನೇಪಾ!' ಅಂತ ಕೂಗುತ್ತಾರೆ. ನೇಪಾ ಅನ್ನುವುದು ಹಳೇ ಸರ್ಕಾರಿ ವಿದ್ಯುತ್ ಸಂಸ್ಥೆಯ ಹೆಸರು. ನಮ್ಮ ಆಪರೇಟರ್ ಮೀಟರ್ ಮುಂದೆ ನಿಂತು ವೋಲ್ಟೇಜ್ ನೋಡುತ್ತಾನೆ. ಹತ್ತು ನಿಮಿಷ ಕಾಯುತ್ತಾನೆ. ಆಮೇಲೆ ಜೆನರೇಟರ್ ಆಫ್ ಮಾಡುತ್ತಾನೆ.