ಜೊಂಗಾಗೆ ಅದರದೇ ಎಂಜಿನ್ ಇರಲಿ

ಹಳೆಯ ಮಿಲಿಟರಿ ಜೀಪು ಜೊಂಗಾ ಕೊಂಡವರು ಮೊದಲು ಡೀಸೆಲ್ ಎಂಜಿನ್ ಕೂರಿಸಿಕೊಳ್ಳಲಿ ಅಂತ ಲೇಖನದಲ್ಲಿ ಬರೆದಿದ್ದೀರಿ. ದಯವಿಟ್ಟು ಹಾಗೆ ಹೇಳಬೇಡಿ ಸರ್. ಜಬಲ್ಪುರದಲ್ಲಿ ತಯಾರಾದ ಆ ಗಾಡಿಗೆ ನಿಸ್ಸಾನ್‌ನ 3956 ಸಿಸಿ, ಆರು ಸಿಲಿಂಡರ್ ಪೆಟ್ರೋಲ್ ಎಂಜಿನ್ನೇ ಜೀವ. ಪೆಟ್ರೋಲ್ ಜಾಸ್ತಿ ಕುಡಿಯುತ್ತೆ, ನಿಜ. ಆದರೆ ತಿಂಗಳಿಗೆ ನಾಲ್ಕು ಸಲ ಓಡಿಸುವ ಗಾಡಿಗೆ ಮೈಲೇಜ್ ಲೆಕ್ಕ ಯಾಕೆ, ಅಲ್ವಾ?

ಮಡಿಕೇರಿ ಹತ್ತಿರ ನಮ್ಮ ತೋಟದಲ್ಲಿ ಒಂದಿದೆ. ಒಂದು ಮಳೆಗಾಲ ಪೂರ್ತಿ ಸುಮ್ನೆ ನಿಲ್ಲಿಸಿಬಿಟ್ಟಿದ್ದೆ. ಟ್ಯಾಂಕಿನ ತುಕ್ಕು, ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬ್ಯುರೇಟರ್‌ಗೆ ಇಳಿದಿತ್ತು. ಬ್ರೇಕಿನ ವೀಲ್ ಸಿಲಿಂಡರ್‌ಗಳು ಜಾಮ್ ಆಗಿದ್ದವು. ಈಗ ಮಳೆ ಶುರುವಾಗುವ ಮುಂಚೆ ಟ್ಯಾಂಕ್ ತುಂಬಿಸಿಡುತ್ತೇನೆ. ಖಾಲಿ ಜಾಗದಲ್ಲೇ ತೇವ ಸೇರಿ ತುಕ್ಕು ಹಿಡಿಯುವುದು. ವಾರಕ್ಕೊಮ್ಮೆ ಅರ್ಧ ಗಂಟೆಯಾದರೂ ಓಡಿಸುತ್ತೇನೆ.

ಹಳೇ ಎಂಜಿನ್ ಇಳಿಸಿಟ್ಟವರು ಅದನ್ನು ಗುಜರಿಗೆ ಮಾತ್ರ ಹಾಕಬೇಡಿ. ಅದರ ಒಂದೊಂದು ಪಾರ್ಟಿಗೂ ನಮ್ಮಂಥವರು ಊರೂರು ಅಲೆಯುತ್ತಿದ್ದೇವೆ.