ಚಕ್ಕುಲಿ ತಿಂದ ಕೈ

ಹಬ್ಬದ ಮಾರನೇ ದಿನದ ಮಧ್ಯಾಹ್ನ. ಊಟ ಮುಗಿಸಿ ಎಲ್ಲರೂ ಅಲ್ಲಲ್ಲೇ ಒರಗಿದ್ದೆವು. ಅಕ್ಕನ ಮಗ ಮಾತ್ರ ನೆಟ್ಟಗೆ ಕೂತಿದ್ದ. ಕೈಯಲ್ಲಿ ಅವನ ಹೊಸ ಗೇಮ್ ಮೆಷಿನ್. ನಡುವೆ ಸ್ಕ್ರೀನು, ಎರಡೂ ಕಡೆ ಗುಂಡಿಗಳು, ಒಳಗೊಂದು ಫ್ಯಾನು. ಪಕ್ಕದ ಮನೆಯಲ್ಲಿ ಮಿಕ್ಸಿ ಓಡಿದ ಹಾಗೆ ಸದ್ದು. ಹತ್ತಿರ ಹೋದರೆ ಬಿಸಿ ಗಾಳಿ. ಎರಡು ಗಂಟೆಯೊಳಗೆ ಬ್ಯಾಟರಿ ಮುಗಿದು, ಗೂಟಕ್ಕೆ ಕಟ್ಟಿದ ಕರುವಿನ ಹಾಗೆ ಪ್ಲಗ್ ಪಕ್ಕದಲ್ಲೇ ಕೂತು ಆಡುತ್ತಿದ್ದ. ಯಾವ ಕಂಪನಿಯದು ಅಂತ ಕೇಳಬೇಡಿ. ಬೆಲೆ ಕೇಳಿ ನಾನೇ ಸುಮ್ಮನಾಗಿದ್ದೆ.

"ಮಾಮ, ಇದನ್ನ ಆಪಲ್‌ನೋರು ಮಾಡ್ಬೇಕಿತ್ತು," ಅಂದ.

ಅವನ ವಾದ ಸರಳ. ಫ್ಯಾನೇ ಇಲ್ಲದೆ ಓಡುವ ಚಿಪ್ಪು ಅವರ ಹತ್ತಿರ ಇದೆ, 2020ರ ಮ್ಯಾಕ್‌ಬುಕ್ ಏರ್‌ನಿಂದಲೂ ಇದೆ. 2023ರಲ್ಲಿ ಬಂದ ಐಫೋನ್ 15 ಪ್ರೊನಲ್ಲಿ ರೆಸಿಡೆಂಟ್ ಈವಿಲ್‌ನಂಥ ದೊಡ್ಡ ಆಟವೇ ಓಡಿತು. ಸ್ಕ್ರೀನ್ ಇದೆ, ದುಡ್ಡಿದೆ, ಅಂಗಡಿಯಿದೆ. "ಎರಡು ಕಡೆ ಬಟನ್ ಅಂಟಿಸಿದ್ರೆ ಮುಗೀತು!"

ನಾನು ಚಕ್ಕುಲಿ ಡಬ್ಬಿಯ ಮುಚ್ಚಳ ತೆಗೆಯುತ್ತಾ ಯೋಚಿಸಿದೆ. ಆ ಎರಡು ಬಟನ್ನೇ ಅಲ್ವಾ ಕಷ್ಟ.

ಈ ಕಂಪನಿಗೂ ಗುಂಡಿಗೂ ಎಣ್ಣೆ ಸೀಗೆಕಾಯಿ ಸಂಬಂಧ. ಎಲ್ಲರ ಮೌಸಿಗೂ ಎರಡು ಗುಂಡಿ ಬಂದರೂ ಅವರದಕ್ಕೆ ವರ್ಷಗಟ್ಟಲೆ ಒಂದೇ. 2007ರಲ್ಲಿ ಕಂಪನಿ ಕಟ್ಟಿದ ಸ್ಟೀವ್ ಜಾಬ್ಸ್ ಐಫೋನ್ ತೋರಿಸಿದಾಗ ಮೊದಲು ಗೇಲಿ ಮಾಡಿದ್ದು ಬೇರೆ ಫೋನುಗಳ ಪ್ಲಾಸ್ಟಿಕ್ ಕೀಲಿಗಳನ್ನು. ಉಳಿದಿದ್ದ ಒಂದು ಹೋಮ್ ಬಟನ್ 2016ರಲ್ಲಿ ಅಲುಗಾಡುವುದನ್ನು ಬಿಟ್ಟಿತು. ಮರುವರ್ಷದ ಐಫೋನ್ ಟೆನ್‌ನಲ್ಲಿ ಅದೂ ಕಾಣೆ. ಈಚೆಗೆ ಕ್ಯಾಮೆರಾಕ್ಕೆ ಅಂತ ಪಕ್ಕದಲ್ಲಿ ಒಂದು ಗುಂಡಿ ಮತ್ತೆ ತಂದಿದ್ದಾರೆ, ನಿಜ. ವಯಸ್ಸಾದ ಮೇಲೆ ಎಲ್ಲರೂ ಸ್ವಲ್ಪ ಮೆತ್ತಗಾಗುತ್ತಾರೆ.

ಒಮ್ಮೆ ಅವರ ಗುಂಡಿದ್ವೇಷ ಆಟದವರ ತಲೆಗೇ ಬಂತು. 2015ರ ಆಪಲ್ ಟಿವಿ ಎಂಬ, ಟಿವಿಗೆ ಜೋಡಿಸುವ ಡಬ್ಬಿಯಲ್ಲಿ ಆಟಗಳೂ ಇದ್ದವು. ಅದರ ರಿಮೋಟಿನ ಮೇಲ್ಭಾಗ ನುಣ್ಣನೆ ಗಾಜು, ಕೆಳಗೆ ನಾಲ್ಕಾರು ಗುಂಡಿ. ಕತ್ತಲಲ್ಲಿ ತಲೆ ಯಾವುದು ಬುಡ ಯಾವುದು ತಿಳಿಯುತ್ತಿರಲಿಲ್ಲ. ಯಾವ ಆಟವೇ ಆದರೂ ಆ ರಿಮೋಟಿನಲ್ಲೂ ಆಡುವಂತಿರಬೇಕು ಅಂತ ನಿಯಮ ಬೇರೆ! ಹತ್ತು ಗುಂಡಿ ಬೇಡುವ ಆಟವನ್ನು ಒಂದು ಗಾಜಿನ ತುಂಡಿಗೆ ಇಳಿಸುವುದು ಹೇಗೆ? ಮುಂದಿನ ವರ್ಷ ನಿಯಮ ಸಡಿಲಿಸಿದರು. ಅಷ್ಟರಲ್ಲಿ ಹುಮ್ಮಸ್ಸು ಇಳಿದಿತ್ತು.

ಆದರೆ ಆಟ ಅವರಿಗೆ ಗೊತ್ತಿಲ್ಲ ಅನ್ನುವ ಹಾಗೂ ಇಲ್ಲ. ಆ ಮನೆಯ ಅಡಿಪಾಯದಲ್ಲೇ ಆಟ ಇದೆ. ಜಾಬ್ಸ್ ಹುಡುಗನಾಗಿದ್ದಾಗ ಕೆಲಸ ಮಾಡಿದ್ದು ಅಟಾರಿ ಎಂಬ ಗೇಮ್ ಕಂಪನಿಯಲ್ಲಿ. 1975ರಲ್ಲಿ ಬ್ರೇಕ್‌ಔಟ್ ಎಂಬ ಇಟ್ಟಿಗೆ ಒಡೆಯುವ ಆಟದ ಸರ್ಕ್ಯೂಟ್ ಮಾಡುವ ಕೆಲಸ ಬಂದಾಗ ಮುಂದೆ ತನ್ನ ಜೊತೆ ಆಪಲ್ ಕಟ್ಟಿದ ಗೆಳೆಯ ಸ್ಟೀವ್ ವೋಜ್ನಿಯಾಕ್‌ನನ್ನು ಕರೆದ. ವೋಜ್ನಿಯಾಕ್ ನಾಲ್ಕು ರಾತ್ರಿ ನಿದ್ದೆಗೆಟ್ಟು ಮುಗಿಸಿಕೊಟ್ಟ. ಮುಂದೆ 1977ರ ಆಪಲ್ ಟೂ ಕಂಪ್ಯೂಟರಿಗೆ ಬಣ್ಣ, ಸದ್ದು, ತಿರುಗಿಸುವ ಪ್ಯಾಡಲ್ ಎಲ್ಲ ಬಂದದ್ದು ಅದರಲ್ಲಿ ಬ್ರೇಕ್‌ಔಟ್ ಆಡಬೇಕು ಅನ್ನುವ ಆಸೆಯಿಂದಲೇ ಅಂತ ವೋಜ್ನಿಯಾಕ್ ಅವರೇ ಹೇಳಿಕೊಂಡಿದ್ದಾರೆ. 2001ರ ಮೊದಲ ಐಪಾಡ್‌ನಲ್ಲೂ ಅದೇ ಇಟ್ಟಿಗೆ ಆಟವನ್ನು ಕಳ್ಳತನದಲ್ಲಿ ಬಚ್ಚಿಟ್ಟಿದ್ದರು. ಒಂದು ಮೆನುವಿಗೆ ಹೋಗಿ ನಡುವಿನ ಗುಂಡಿಯನ್ನು ಒತ್ತಿ ಹಿಡಿದರೆ ಮಾತ್ರ ಸಿಗುತ್ತಿತ್ತು, ಅಜ್ಜಿ ಹಾಸಿಗೆ ಕೆಳಗೆ ಇಟ್ಟ ನೋಟಿನ ಹಾಗೆ.

ವೋಜ್ನಿಯಾಕ್ ಕತೆ ಇನ್ನೂ ಇದೆ. ಜಪಾನಿನ ಆಟದ ಕಂಪನಿ ನಿಂಟೆಂಡೊದ ಗೇಮ್ ಬಾಯ್ ಎಂಬ ಕೈಯಲ್ಲಿ ಹಿಡಿಯುವ ಯಂತ್ರದಲ್ಲಿ ಟೆಟ್ರಿಸ್ ಎಂಬ ಆಟ ಆಡುವ ಹುಚ್ಚು ಹತ್ತಿಸಿಕೊಂಡು, ತನ್ನ ಸ್ಕೋರನ್ನು ನಿಂಟೆಂಡೊ ಪತ್ರಿಕೆಗೆ ಕಳಿಸುತ್ತಿದ್ದರು. ಹೆಸರು ಮತ್ತೆ ಮತ್ತೆ ಬಂತು. ಇನ್ನು ಹಾಕುವುದಿಲ್ಲ ಅಂದರು ಪತ್ರಿಕೆಯವರು. ಆಗ ತನ್ನ ಹೆಸರನ್ನೇ ಹಿಂದುಮುಂದು ಮಾಡಿ ಬರೆದು ಕಳಿಸಿದರು. ಅಷ್ಟು ದೊಡ್ಡ ಕಂಪನಿ ಕಟ್ಟಿದವನು ಇನ್ನೊಬ್ಬರ ಆಟಿಕೆಯಲ್ಲಿ ಆಡಿ ಹೆಸರು ತಿರುಗಿಸಿ ಬರೆಯುತ್ತಿದ್ದ ಅನ್ನುವುದು ನನಗೆ ತುಂಬಾ ಹಿಡಿಸಿದ ವಿಷಯ.

ಹಾಗಾದರೆ ಆಪಲ್ ಯಾವತ್ತೂ ಪ್ರಯತ್ನಿಸಲಿಲ್ಲವೇ? 1996ರಲ್ಲಿ ಪ್ರಯತ್ನಿಸಿತು. ಜಪಾನಿನ ಆಟಿಕೆ ಕಂಪನಿ ಬಂಡಾಯ್ ಜೊತೆ ಸೇರಿ ಪಿಪ್ಪಿನ್ ಎಂಬ ಟಿವಿ ಗೇಮ್ ಯಂತ್ರ ತಂದಿತು. ಅಮೆರಿಕದಲ್ಲಿ 599 ಡಾಲರ್. ಅದೇ ವರ್ಷ ನಿಂಟೆಂಡೊ 64 ಬಂತು, 199 ಡಾಲರಿಗೆ. ಮರುವರ್ಷ ಪಿಪ್ಪಿನ್ ಮಣ್ಣಾಯಿತು. ಫೋನ್ ತಯಾರಿಸುವವರು ಆಟಕ್ಕಿಳಿದದ್ದೂ ಇದೆ. 2003ರಲ್ಲಿ ನೋಕಿಯಾ ಎನ್-ಗೇಜ್ ಎಂಬ ಗೇಮ್ ಫೋನ್ ತಂದಿತು. ಆಟ ಬದಲಿಸಲು ಬ್ಯಾಟರಿ ತೆಗೆಯಬೇಕು, ಮಾತಾಡಲು ಅದರ ಅಂಚನ್ನು ಕಿವಿಗೆ ಒತ್ತಬೇಕು. ಜನ ನಕ್ಕರು, ಕೊಳ್ಳಲಿಲ್ಲ.

ದುಡ್ಡಿನ ಲೆಕ್ಕವೂ ಅಣ್ಣನ ಮಕ್ಕಳ ಜಗಳದ ಹಾಗೆ ಬಗೆಹರಿಯದ್ದಲ್ಲ. ಗೇಮ್ ಯಂತ್ರದವರು ಯಂತ್ರವನ್ನು ಕಡಿಮೆ ಲಾಭಕ್ಕೋ ನಷ್ಟಕ್ಕೋ ಕೊಟ್ಟು ಆಟ ಮಾರಿ ಸಂಪಾದಿಸುತ್ತಾರೆ. ಪ್ರಿಂಟರ್ ಕೊಟ್ಟು ಇಂಕ್ ಮಾರಿದ ಹಾಗೆ. ಆಪಲ್ ಪ್ರಿಂಟರಿನಲ್ಲೂ ದುಡ್ಡು ಮಾಡುತ್ತದೆ, ಇಂಕಿನಲ್ಲೂ ಮಾಡುತ್ತದೆ. 2008ರಲ್ಲಿ ಆಪ್ ಸ್ಟೋರ್ ತೆರೆದಾಗಲೇ ನೂರಕ್ಕೆ 30ರ ಪಾಲು ಇಟ್ಟುಕೊಂಡಿತು. ಯಾರೋ ಬೆಂಡೆಕಾಯಿ ಬೆಳೆದರೂ ಸಂತೆ ಸುಂಕ ಇವರಿಗೆ. ಸುಂಕ ಎತ್ತುವವನು ಬಿಸಿಲಲ್ಲಿ ಕೂತು ತರಕಾರಿ ಯಾಕೆ ಮಾರುತ್ತಾನೆ?

ಆದರೂ ನನ್ನ ತಕರಾರು ದುಡ್ಡಿನದಲ್ಲ. ಚಕ್ಕುಲಿಯದು.

ಚಿಕ್ಕಂದಿನಲ್ಲಿ ಜಾತ್ರೆಯಿಂದ ನನಗೊಂದು ಬ್ರಿಕ್ ಗೇಮ್ ಕೊಡಿಸಿದ್ದರು. ಡಬ್ಬದ ಮೇಲೆ 9999 ಆಟ ಅಂತ ಬರೆದಿತ್ತು. ಎಣಿಸಿದರೆ ಏಳೆಂಟು. ಆದರೆ ಅದರ ಜೊತೆ ಯಾವ ಮರ್ಯಾದೆಯೂ ಬೇಕಿರಲಿಲ್ಲ. ಬಾಳೆಕಾಯಿ ಚಿಪ್ಸ್ ತಿಂದ ಕೈಯಲ್ಲಿ ಒತ್ತುತ್ತಿದ್ದೆವು. ಒಂದು ಗುಂಡಿ ಅಂಟಿಕೊಂಡರೆ ಅಮ್ಮ ಹೇರ್‌ಪಿನ್ನಿನಿಂದ ಎಬ್ಬಿಸಿ ಕೊಡುತ್ತಿದ್ದಳು. ಸೆಲ್ಲು ಮುಗಿದರೆ ಬಿಸಿಲಿಗಿಟ್ಟು, ಹಲ್ಲಲ್ಲಿ ಕಚ್ಚಿ, ಇನ್ನೊಂದು ಗಂಟೆ ಓಡಿಸುತ್ತಿದ್ದೆವು. ಅದೇ ಮನೆಯ ಶೋಕೇಸಿನಲ್ಲಿ ದುಬೈನಿಂದ ಬಂದ ಕೆಂಪು ಕಾರಿತ್ತು. ಗಾಜಿಗೆ ಮೂಗು ಒತ್ತಿ ನೋಡುವುದಕ್ಕೆ ಮಾತ್ರ. ನೆಂಟರು ಬಂದಾಗ ಅಪ್ಪ ಹೊರಗೆ ತೆಗೆದು, ಒಂದು ಸುತ್ತು ಓಡಿಸಿ, ಒರೆಸಿ ಒಳಗಿಡುತ್ತಿದ್ದರು. ಆ ಕಾರು ಇವತ್ತಿಗೂ ಹೊಸದಾಗಿದೆ. ಅದರಲ್ಲಿ ಯಾರೂ ಆಡಿಲ್ಲ.

ಆಪಲ್ ಮಾಡುವುದೆಲ್ಲ ನನಗೆ ಆ ಕಾರಿನ ಹಾಗೆ ಕಾಣುತ್ತದೆ. 2021ರಲ್ಲಿ ಅವರು ಸ್ಕ್ರೀನ್ ಒರೆಸುವ ಒಂದು ಬಟ್ಟೆ ಮಾರಿದರು. ನಮ್ಮಲ್ಲಿ 1,900 ರೂಪಾಯಿ! ಆ ದುಡ್ಡಿಗೆ ಒಂದು ಒಳ್ಳೆಯ ಪಂಚೆಯೇ ಬರುತ್ತದೆ, ಉಟ್ಟುಕೊಂಡು ಒರೆಸಬಹುದು. 2015ರಿಂದ ಅವರ ಲ್ಯಾಪ್‌ಟಾಪುಗಳಿಗೆ ತೆಳ್ಳನೆಯ ಹೊಸ ಕೀಬೋರ್ಡ್ ಬಂತು. ಒಂದು ಚೂರು ಧೂಳು, ತಿಂಡಿಯ ಪುಡಿ ಬಿದ್ದರೆ ಕೀಲಿ ಸಿಕ್ಕಿಕೊಳ್ಳುತ್ತಿತ್ತು. ಲ್ಯಾಪ್‌ಟಾಪನ್ನು 75 ಡಿಗ್ರಿ ಓರೆಯಾಗಿ ಹಿಡಿದು ಗಾಳಿ ಊದಿ ಅಂತ ಕಂಪನಿಯೇ ಸಲಹೆ ಕೊಟ್ಟಿತು. ಕೊನೆಗೆ 2018ರಲ್ಲಿ ಬಿಟ್ಟಿ ರಿಪೇರಿಗೆ ಒಪ್ಪಿತು. ಕೋನ ಅಳೆಯುವ ಕೋನಮಾಪಕ ಹಿಡಿದು ಚಕ್ಕುಲಿ ಪುಡಿ ಊದುವ ನಮ್ಮಮ್ಮನನ್ನು ಊಹಿಸಿಕೊಂಡೆ.

ಅತ್ತ ನಿಂಟೆಂಡೊದವರು ಯೋಚಿಸುವುದೇ ಬೇರೆ ಕಡೆಯಿಂದ. ಕ್ಯೋಟೋದಲ್ಲಿ 1889ರಲ್ಲಿ ಇಸ್ಪೀಟಿನಂಥ ಎಲೆ ಮಾಡುತ್ತಾ ಶುರುವಾದವರು. ಅಲ್ಲಿನ ಗುನ್ಪೇ ಯೊಕೊಯ್ ಎಂಬ ಎಂಜಿನಿಯರ್ ರೈಲಿನಲ್ಲಿ ಹೋಗುವಾಗ ಒಬ್ಬಾತ ಬೇಜಾರಿಗೆ ಕ್ಯಾಲ್ಕುಲೇಟರಿನ ಗುಂಡಿ ಒತ್ತುತ್ತಾ ಕೂತಿದ್ದನ್ನು ನೋಡಿದರಂತೆ. ಅದರಿಂದಲೇ 1980ರಲ್ಲಿ ಗೇಮ್ ಅಂಡ್ ವಾಚ್ ಎಂಬ ಪುಟ್ಟ ಆಟದ ಯಂತ್ರ ಹುಟ್ಟಿತು. ಬಾಡಿದ ತಂತ್ರಜ್ಞಾನವನ್ನು ಹೊಸ ಜಾಗದಲ್ಲಿ ಬಳಸಬೇಕು ಅನ್ನುವುದು ಅವರ ನಂಬಿಕೆ. ನಮಗೆ ಇದು ಬೇಗ ಅರ್ಥವಾಗುತ್ತದೆ. ಹಸಿ ಬಾಳೆ ಎಲೆಯಲ್ಲಿ ಮೊಸರನ್ನ ಕಟ್ಟಿದರೆ ಸೀಳುತ್ತದೆ. ಕೆಂಡದ ಮೇಲೆ ಬಾಡಿಸಿದ ಎಲೆ ಹೇಳಿದ ಹಾಗೆ ಮಡಚಿಕೊಳ್ಳುತ್ತದೆ. 1989ರ ಗೇಮ್ ಬಾಯ್ ಅಂಥ ಬಾಡಿದ ಎಲೆ. ಬಣ್ಣವಿಲ್ಲ, ಪಾಚಿ ಹಸಿರು ಸ್ಕ್ರೀನು. ಆದರೆ ನಾಲ್ಕು ಸೆಲ್ಲಿಗೆ ಹದಿನೈದು ಗಂಟೆಯಷ್ಟು ಆಟ. ಎದುರಾಳಿ ಸೇಗಾದ ಗೇಮ್ ಗಿಯರ್‌ಗೆ ಬಣ್ಣವಿತ್ತು, ಆರು ಸೆಲ್ಲು ನುಂಗಿ ಮೂರರಿಂದ ಐದು ಗಂಟೆಯಲ್ಲಿ ಮಲಗುತ್ತಿತ್ತು. ಗೇಮ್ ಬಾಯ್, ಅದರ ಬಣ್ಣದ ತಮ್ಮ ಸೇರಿ 11 ಕೋಟಿಗೂ ಜಾಸ್ತಿ ಮಾರಾಟವಾದವು. ಕೊಲ್ಲಿ ಯುದ್ಧದಲ್ಲಿ ಸುಟ್ಟು ಕರಕಲಾದ ಒಂದು ಗೇಮ್ ಬಾಯ್ ಆಮೇಲೂ ಓಡುತ್ತಿತ್ತು. ನ್ಯೂಯಾರ್ಕಿನ ನಿಂಟೆಂಡೊ ಅಂಗಡಿಯಲ್ಲಿ ಅದನ್ನು ವರ್ಷಗಟ್ಟಲೆ ಪ್ರದರ್ಶನಕ್ಕಿಟ್ಟಿದ್ದರು. ಶೋಕೇಸಿಗೆ ಹೋಗುವುದಾದರೆ ಹಾಗೆ ಹೋಗಬೇಕು.

ನಿಂಟೆಂಡೊದ 2017ರ ಸ್ವಿಚ್ ಎಂಬ ಗೇಮ್ ಯಂತ್ರಕ್ಕೆ ಹಾಕುವ ಆಟದ ಪುಟ್ಟ ಕಾರ್ಟ್ರಿಜ್ ನೆಕ್ಕಿದರೆ ವಿಪರೀತ ಕಹಿ. ಮಕ್ಕಳು ನುಂಗಬಾರದು ಅಂತ ಬೇಕೆಂದೇ ಬಳಿದ ಕಹಿ. ಒಂದು ಕಂಪನಿ ಮಗುವಿನ ಬಾಯಿಯ ಬಗ್ಗೆ ಯೋಚಿಸುತ್ತದೆ, ಇನ್ನೊಂದು ಒರೆಸುವ ಬಟ್ಟೆಯ ಬಗ್ಗೆ.

ಇಷ್ಟನ್ನೂ ಅಕ್ಕನ ಮಗನಿಗೆ ಹೇಳಿದೆ. ಅವನು ತಲೆ ಎತ್ತದೆ "ಹ್ಞೂಂ" ಅಂದ. ನಡುವೆ ಒಮ್ಮೆ "ಚಕ್ಕುಲಿ ಕೊಡಿ" ಅಂದ. ಕೊಟ್ಟರೆ ಬಾಯಲ್ಲೇ ಕಚ್ಚಿ ಹಿಡಿದು ತಿಂದ, ಕೈ ಗುಂಡಿಯ ಮೇಲೇ ಇತ್ತು. ಕೊನೆಗೆ ಅವನ ಆಟದ ವೀರ ಸತ್ತ. ನನಗೂ ಆಸೆಯಾಯಿತು.

"ಎಲ್ಲಿ ಕೊಡು, ಒಂದು ಸಲ ನಾನೂ ನೋಡ್ತೀನಿ," ಅಂತ ಕೈ ಚಾಚಿದೆ.

ಅವನು ಮೆಷಿನ್ನನ್ನು ಎದೆಗೆ ಒತ್ತಿಕೊಂಡ. "ಮಾಮ, ಸೋಪು ಹಾಕಿ ಕೈ ತೊಳ್ಕೊಂಡ್ ಬನ್ನಿ."

ತೊಳೆದೆ. ಟವೆಲಿನಲ್ಲಿ ಒರೆಸಿಕೊಂಡು ಬಂದೆ. ಅಷ್ಟರಲ್ಲಿ ಅವನು ಅದನ್ನು ದಪ್ಪ ಪೆಟ್ಟಿಗೆಯೊಳಗಿಟ್ಟು ಜಿಪ್ ಎಳೆಯುತ್ತಿದ್ದ. ಬಿಸಿಯಾಗಿದೆ, ಸ್ವಲ್ಪ ಆರಲಿ ಅಂದ. ನಾನು ಡಬ್ಬಿಯ ಮುಚ್ಚಳ ಮತ್ತೆ ತೆಗೆದೆ.